ಪಂದ್ಯದ ಕೀರ್ತಿಯೂ ಅಂಗಡಿಯ ವಿಕ್ರಯವೂ: ಕರ್ನಾಟಕದ ಮೋಟಾರು ಉದ್ಯಮದಿಂದ ಕೆಲವು ನಿದರ್ಶನಗಳು

ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಹಾರೋಹಳ್ಳಿಯ ಕೈಗಾರಿಕಾ ಪ್ರದೇಶವು ಎದುರಾಗುತ್ತದೆ. ರಾಗಿಯನ್ನೂ ಹಿಪ್ಪುನೇರಳೆಯನ್ನೂ ಬೆಳೆಯುತ್ತಿದ್ದ ಸೀಮೆ ಇದು. ಈಗ ಇಲ್ಲಿ ಅಡಿಗೆಯ ಕುಕ್ಕರಿನಿಂದ ಮೊದಲ್ಗೊಂಡು ಯಂತ್ರದ ಬಿಡಿಭಾಗಗಳವರೆಗೆ ನಾನಾ ಸರಕುಗಳು ತಯಾರಾಗುತ್ತವೆ. 2007ರಲ್ಲಿ ರಾಮನಗರ ಜಿಲ್ಲೆಯೆಂದು ರೂಪುಗೊಂಡು, 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರು ಬದಲಿಸಿಕೊಂಡ ಈ ಸೀಮೆಯ ತರುಣರ ಮುಂದೆ ಇಂದು ಎರಡು ದಾರಿಗಳಿವೆ: ಒಂದು ರೇಷ್ಮೆಯ ದಾರಿ, ಇನ್ನೊಂದು ಕಾರ್ಖಾನೆಯ ದಾರಿ. ಎರಡನೆಯದನ್ನು ಹಿಡಿಯುವವರ ಸಂಖ್ಯೆಯೇ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆಯೆಂಬುದು ನಮ್ಮ ತರಗತಿಯನ್ನು ನೋಡಿದರೂ ವಿದಿತವಾಗುತ್ತದೆ.

ಪ್ರಸ್ತುತ ಲೇಖನವು ಅಂಥದೊಂದು ತರಗತಿಯಲ್ಲಿ ಹುಟ್ಟಿದ ಪ್ರಶ್ನೆಯಿಂದ ಹೊರಟಿದೆ. ಕೈಗಾರಿಕಾ ಕ್ರಾಂತಿಯ ಪಾಠ ನಡೆದಿದ್ದಾಗ ಹಾರೋಹಳ್ಳಿಯ ಕಡೆಯ ವಿದ್ಯಾರ್ಥಿಯೊಬ್ಬನು ಎದ್ದುನಿಂತು, “ಸಾರ್, ಪಂದ್ಯದಲ್ಲಿ ಗೆಲ್ಲುವ ಕಂಪನಿಯ ಕಾರೇ ಅಲ್ಲವೆ ಹೆಚ್ಚು ಮಾರಾಟವಾಗುವುದು? ಅಂಥ ಕಂಪನಿಗೆ ಭಾಗ ಮಾಡಿಕೊಡುವ ಕಾರ್ಖಾನೆಗೆ ಸೇರಿದರೆ ಕೆಲಸ ನಿಲ್ಲುತ್ತದೆ ಅಲ್ಲವೆ?” ಎಂದು ಕೇಳಿದನು. ಅವನ ಅಣ್ಣನಿಗೆ ಎರಡು ಕಡೆಯಿಂದ ಕರೆ ಬಂದಿತ್ತಂತೆ; ಯಾವುದನ್ನು ಒಪ್ಪಿಕೊಳ್ಳಬೇಕೆಂಬ ಚರ್ಚೆ ಮನೆಯಲ್ಲಿ ನಡೆದಿತ್ತಂತೆ. ನಾವು ಅಂದು ಸರಿಯಾದ ಉತ್ತರವನ್ನು ಕೊಡಲಾರದೆ ಹೋದೆವು. ಪ್ರಶ್ನೆಯ ಪೂರ್ವಾರ್ಧವು ವಾಣಿಜ್ಯಶಾಸ್ತ್ರಕ್ಕೆ ಸೇರಿದ್ದೆಂದು ಹೇಳಿ ನುಣುಚಿಕೊಳ್ಳಬಹುದಾಗಿತ್ತು. ಆದರೆ ಅದು ಇತಿಹಾಸದ ಪ್ರಶ್ನೆಯೂ ಹೌದು. ಗೆದ್ದ ಗಾಡಿಯ ಕಥೆಯನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಮಾರಾಟವಾದ ಗಾಡಿಯ ಲೆಕ್ಕವನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಇಂತಹ ಸ್ಥಿತಿಯಲ್ಲಿ ಕೀರ್ತಿಯೇ ಕಾರಣ, ಏಳಿಗೆಯೇ ಕಾರ್ಯ ಎಂದು ಬಗೆಯುವುದು ಸುಲಭವಾಗುತ್ತದೆ.

ಭಾನುವಾರ ಗೆದ್ದ ಗಾಡಿ ಸೋಮವಾರ ಮಾರಾಟವಾಗುತ್ತದೆಂಬ ಮಾತು 1960ರ ದಶಕದಲ್ಲಿ ಅಮೆರಿಕದ ಮೋಟಾರು ವ್ಯಾಪಾರಿಗಳ ಬಾಯಲ್ಲಿ ಬಳಕೆಯಲ್ಲಿತ್ತು. ಅಲ್ಲಿಂದ ಅದು ಲೋಕವನ್ನೆಲ್ಲ ಸುತ್ತಿತು. ಈ ಮಾತಿನ ನಿಜವನ್ನು ಪರೀಕ್ಷಿಸಲು ಯೂರೋಪಿನ ಕ್ರೀಡಾ ಸೆಡಾನುಗಳ ಮೇಲಾಟಕ್ಕಿಂತ ಒಳ್ಳೆಯ ಕ್ಷೇತ್ರವಿಲ್ಲ. ಅಲ್ಲಿ ಪಂದ್ಯಕ್ಕೆ ಇಳಿಯುವ ಗಾಡಿಯು ಅಂಗಡಿಯಲ್ಲಿ ದೊರೆಯುವ ಗಾಡಿಯೇ ಆಗಿರಬೇಕೆಂಬ ನಿಯಮವಿತ್ತು. ‘ಎ ವರ್ಗ’ವೆನಿಸಿದ ಪಂದ್ಯಗಳಿಗೆ ಒಂದು ಮಾದರಿಯನ್ನು ಹೂಡಬೇಕಾದರೆ 12 ತಿಂಗಳಲ್ಲಿ ಅಂಥ 5,000 ಗಾಡಿಗಳನ್ನು ತಯಾರಿಸಿರಬೇಕಾಗಿತ್ತು. ಜರ್ಮನಿಯ ಬಿ.ಎಂ.ಡಬ್ಲ್ಯು. ಸಂಸ್ಥೆಯ ಎಂ3 ಎಂಬ ಗಾಡಿ 1986ರಲ್ಲಿ ಹುಟ್ಟಿದುದು ಈ ನಿಯಮದ ಒತ್ತಾಯದಿಂದಲೇ. ಅದು ಯೂರೋಪಿನ ಪಂದ್ಯಗಳಲ್ಲಿ ಗಳಿಸಿದ ಕೀರ್ತಿಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಆದರೆ ಅದರ ಸಂಖ್ಯೆಯನ್ನು ಗಮನಿಸತಕ್ಕುದು: ಆ ತಲೆಮಾರಿನ ಎಂ3 ಗಾಡಿಗಳು ಒಟ್ಟು ಸುಮಾರು 18,000, ಅದೇ ಆಕಾರದ ಸಾಧಾರಣ ಮೂರನೆಯ ಶ್ರೇಣಿಯ ಗಾಡಿಗಳು 23 ಲಕ್ಷಕ್ಕೂ ಮಿಕ್ಕು. ಎಂದರೆ ಪಂದ್ಯದ ಗಾಡಿಯನ್ನು ಕೊಂಡವರು ನೂರಕ್ಕೆ ಒಬ್ಬರೂ ಅಲ್ಲ.

ಉಳಿದ ತೊಂಬತ್ತೊಂಬತ್ತು ಮಂದಿಯೂ ಆ ಒಂದರ ಕೀರ್ತಿಗೆ ಮರುಳಾಗಿಯೇ ಕೊಂಡರೆಂದು ಕೆಲವರು ವಾದಿಸುವುದುಂಟು. ಈ ವಾದಕ್ಕೆ ಇಟಲಿಯ ಆಲ್ಫಾ ರೋಮಿಯೊ ಸಂಸ್ಥೆಯೇ ಉತ್ತರವಾಗಿದೆ. ಅದರ 155 ಎಂಬ ಸೆಡಾನ್ 1993ರಲ್ಲಿ ಜರ್ಮನರ ನೆಲಕ್ಕೇ ಹೋಗಿ ಅವರ ಪಂದ್ಯಮಾಲೆಯನ್ನು ಗೆದ್ದಿತು. ಮರುವರ್ಷ ಬ್ರಿಟನ್ನಿನದನ್ನೂ ಗೆದ್ದಿತು. ಕೀರ್ತಿಯೇ ಕಾರಣವಾಗಿದ್ದಲ್ಲಿ ಆ ಗಾಡಿಗೆ ಗಿರಾಕಿಗಳು ಸಾಲುಗಟ್ಟಬೇಕಾಗಿತ್ತು. ಆದರೆ 1992ರಿಂದ 1998ರವರೆಗೆ ತಯಾರಾದ 155 ಗಾಡಿಗಳು ಎರಡು ಲಕ್ಷವನ್ನೂ ಮುಟ್ಟಲಿಲ್ಲ. ಅದೇ ದಶಕದ ಬಿ.ಎಂ.ಡಬ್ಲ್ಯು. ಮೂರನೆಯ ಶ್ರೇಣಿಯವು 25 ಲಕ್ಷವನ್ನು ದಾಟಿದವು. ಜರ್ಮನಿಯಲ್ಲಿ ಗೆದ್ದ ಆಲ್ಫಾ ಗಾಡಿಯ ನಾಲ್ಕು ಚಕ್ರಗಳಿಗೂ ಶಕ್ತಿ ಹರಿಯುತ್ತಿತ್ತು. ಅಂಗಡಿಯಲ್ಲಿದ್ದ ಸಾಮಾನ್ಯ ಆಲ್ಫಾದಲ್ಲಿ ಮುಂದಿನ ಎರಡಕ್ಕೆ ಮಾತ್ರ. ಹೆಸರೊಂದು, ವಸ್ತು ಬೇರೊಂದು. ಗಿರಾಕಿಯು ಇದನ್ನು ಶಾಸ್ತ್ರೀಯವಾಗಿ ತಿಳಿಯದಿದ್ದರೂ ಹೇಗೋ ತಿಳಿದುಕೊಳ್ಳುತ್ತಾನೆಂದು ತೋರುತ್ತದೆ.

ಇನ್ನು ನಮ್ಮ ದೇಶದತ್ತ ತಿರುಗೋಣ. 1983ಕ್ಕೆ ಮುಂಚೆ ಭಾರತದಲ್ಲಿ ಈ ಪ್ರಶ್ನೆಗೆ ಅವಕಾಶವೇ ಇರಲಿಲ್ಲವೆಂಬುದು ನಮ್ಮ ಅಭಿಪ್ರಾಯ. ಉತ್ತರಪಾರದ ಅಂಬಾಸಡರ್, ಮುಂಬಯಿಯ ಫಿಯಟ್, ಮದರಾಸಿನ ಸ್ಟಾಂಡರ್ಡ್ ಹೆರಾಲ್ಡ್—ಈ ಮೂರರಲ್ಲಿ ಒಂದನ್ನು ಬೇಡಿ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ ಅದು. ಮದರಾಸಿನ ಬಳಿ ಶೋಲಾವರದ ಹಳೆಯ ವಿಮಾನಪಥದಲ್ಲಿ ಪಂದ್ಯಗಳು ನಡೆಯುತ್ತಿದ್ದವು. ಬೆಂಗಳೂರಿನಿಂದ ಉತ್ಸಾಹಿಗಳು ರಾತ್ರಿಯೇ ಹೊರಟು ಅಲ್ಲಿಗೆ ಹೋಗುತ್ತಿದ್ದರು. ತಿದ್ದಿದ ಫಿಯಟ್ಟುಗಳೂ ಹೆರಾಲ್ಡುಗಳೂ ಅಲ್ಲಿ ಸೆಣಸುತ್ತಿದ್ದವು. ಗೆದ್ದರೇನು, ಸೋತರೇನು? ತಯಾರಕನಿಗೆ ಸರಕಾರವು ಗೊತ್ತುಪಡಿಸಿದಷ್ಟೇ ತಯಾರಿಕೆ, ಗಿರಾಕಿಗೆ ಸರದಿ ಬಂದಾಗಲೇ ಗಾಡಿ. ಕೊಳ್ಳುವವನಿಗೆ ಆಯ್ಕೆಯಿಲ್ಲದಲ್ಲಿ ಕೀರ್ತಿಯು ವಿಕ್ರಯವನ್ನು ಹೆಚ್ಚಿಸಿತೆ ಎಂದು ಕೇಳುವುದು, ನೀರಿಲ್ಲದ ಕೆರೆಯಲ್ಲಿ ಯಾರು ಚೆನ್ನಾಗಿ ಈಜುತ್ತಾರೆಂದು ಕೇಳಿದಂತೆ.

ಆಯ್ಕೆಯ ಬಾಗಿಲು ತೆರೆಯುವ ಹೊಸ್ತಿಲಿನಲ್ಲಿಯೇ ಬೆಂಗಳೂರಿನ ಸಿಪಾನಿ ಸಂಸ್ಥೆಯು ನಿಂತಿತ್ತು. ಕರ್ನಾಟಕದ ಕೈಗಾರಿಕಾ ಚರಿತ್ರೆಯನ್ನು ಬರೆಯುವವರು ಈ ಸಂಸ್ಥೆಯನ್ನು ಒಂದು ವಾಕ್ಯದಲ್ಲಿ ದಾಟಿಹೋಗುವುದು ನ್ಯಾಯವಲ್ಲ. ‘ಬಾದಲ್’ ಎಂಬ ಮೂರು ಚಕ್ರದ ವಿಚಿತ್ರ ಗಾಡಿಯಿಂದ ಕೆಲಸ ಆರಂಭಿಸಿದ ಈ ಸಂಸ್ಥೆಯು 1982ರಲ್ಲಿ ‘ಡಾಲ್ಫಿನ್’ ಎಂಬ ಕಾರನ್ನು ಹೊರತಂದಿತು. ಬ್ರಿಟನ್ನಿನ ರಿಲಯಂಟ್ ಕಿಟನ್ ಅದರ ಮೂಲ. ಯಂತ್ರ 848 ಸಿ.ಸಿ.; ಅದು ಅಲ್ಯೂಮಿನಿಯಮಿನದು. ಮೈಯೆಲ್ಲ ಗಾಜುನಾರಿನದು, ಬಾಗಿಲು ಎರಡು. ತೂಕ ಬಹು ಕಡಿಮೆಯಾದುದರಿಂದ ಆ ಪುಟ್ಟ ಯಂತ್ರವೇ ಗಾಡಿಯನ್ನು ಚಿಮ್ಮಿಸುತ್ತಿತ್ತು. ಪಂದ್ಯದ ಹುಚ್ಚಿದ್ದವರೂ ರ‍್ಯಾಲಿಯ ಸವಾರರೂ ಇದನ್ನು ಕೂಡಲೆ ಮೆಚ್ಚಿದರು. ಅಂದಿನ ಭಾರತದಲ್ಲಿ ಇಷ್ಟು ಹಗುರವೂ ಚುರುಕೂ ಆದ ಇನ್ನೊಂದು ಗಾಡಿ ಇರಲಿಲ್ಲವೆನ್ನಬಹುದು. ಬೆಂಗಳೂರಿನಲ್ಲಿ ತಯಾರಾದ ಕಾರೊಂದು ಅಂಬಾಸಡರನ್ನು ಹಿಂದಿಕ್ಕುವ ದೃಶ್ಯವು ಊರಿನ ತರುಣರಿಗೆ ಎಷ್ಟು ಅಭಿಮಾನವನ್ನು ತಂದಿರಬೇಕು!

ಆದರೆ 1983ರ ಡಿಸೆಂಬರಿನಲ್ಲಿ ಗುಡಗಾಂವಿನಿಂದ ಮಾರುತಿ 800 ಹೊರಬಂದಿತು. ಅದರ ಯಂತ್ರ 796 ಸಿ.ಸಿ.; ಡಾಲ್ಫಿನ್ನಿನದಕ್ಕಿಂತ ಚಿಕ್ಕದು. ಆದರೆ ಅದಕ್ಕೆ ನಾಲ್ಕು ಬಾಗಿಲುಗಳಿದ್ದವು, ಉಕ್ಕಿನ ಮೈಯಿತ್ತು, ಸರಕಾರದ ಬೆಂಬಲವಿತ್ತು, ಮತ್ತು ಕ್ರಮೇಣ ಊರೂರಿನಲ್ಲಿ ರಿಪೇರಿಯ ಮನೆಗಳಾದವು. ತನ್ನ ತಾಯಿಯನ್ನು ಹಿಂದಿನ ಆಸನದಲ್ಲಿ ಕೂಡಿಸಬೇಕಾದ ಗೃಹಸ್ಥನಿಗೆ ಎರಡೇ ಬಾಗಿಲಿನ ಚುರುಕು ಗಾಡಿ ಎಷ್ಟು ಗೆದ್ದಿದ್ದರೇನು? ನಾರಿನ ಮೈಯನ್ನು ಜನ ‘ಪ್ಲಾಸ್ಟಿಕ್’ ಎಂದು ಕರೆದು ನಂಬದಾದರು. ಸಿಪಾನಿಯವರಿಗೆ ಈ ದೋಷ ತಿಳಿಯದೆ ಇರಲಿಲ್ಲ; 1987ರಲ್ಲಿ ‘ಮೊಂಟಾನ’ ಎಂಬ ಹೆಚ್ಚು ಬಾಗಿಲುಗಳ ರೂಪವನ್ನು ತಂದರು; ಅನಂತರ ಡೀಸೆಲ್ ಯಂತ್ರವನ್ನು ಕೂಡಿಸಿದರು; 1990ರ ದಶಕದ ಮಧ್ಯದಲ್ಲಿ ಬ್ರಿಟನ್ನಿನ ರೋವರ್ ಮೊಂಟೆಗೊ ಎಂಬ ದೊಡ್ಡ ಸೆಡಾನನ್ನು ಜೋಡಿಸಿ ಮಾರಲೆತ್ನಿಸಿದರು. ಯಾವುದೂ ಕೈಹಿಡಿಯಲಿಲ್ಲ. ಆ ದಶಕದಲ್ಲಿಯೇ ಸಂಸ್ಥೆಯ ಮೋಟಾರು ತಯಾರಿಕೆ ನಿಂತಿತು. ಪಂದ್ಯದ ಮೈದಾನದಲ್ಲಿ ಕೀರ್ತಿ ಪಡೆದ, ಕರ್ನಾಟಕದಲ್ಲೇ ಹುಟ್ಟಿದ ಕಾರಿನ ಕಥೆ ಹೀಗೆ ಹದಿನೈದು ವರ್ಷಗಳೊಳಗೆ ಮುಗಿಯಿತು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು ದ್ವಿಚಕ್ರಗಳ ಚರಿತ್ರೆಯಾದರೂ ಇಲ್ಲಿ ಬಿಡುವಂತಿಲ್ಲ. 1961ರಿಂದ ಚೆಕ್ ಮೂಲದ ಜಾವಾ ಬೈಕುಗಳನ್ನು ತಯಾರಿಸುತ್ತ, 1973ರಿಂದ ಅವನ್ನು ಯೆಜ್ಡಿ ಎಂಬ ಹೆಸರಿನಿಂದ ಮಾರುತ್ತ, ಈ ಸಂಸ್ಥೆ ಪಂದ್ಯಗಳಲ್ಲಿಯೂ ಗುಡ್ಡಗಾಡಿನ ಸ್ಪರ್ಧೆಗಳಲ್ಲಿಯೂ ದೊಡ್ಡ ಹೆಸರನ್ನು ಗಳಿಸಿತ್ತು. 1985ರಲ್ಲಿ ಹೀರೊ ಹೋಂಡಾದ ಸಿ.ಡಿ. 100 ಬಂದಿತು. ಅದರ 97 ಸಿ.ಸಿ. ಯಂತ್ರವು ಯೆಜ್ಡಿಯ ಅರ್ಧಕ್ಕೂ ಕಡಿಮೆ. ಓಟದಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ. ಆದರೆ ಒಂದು ಲೀಟರಿಗೆ 80 ಕಿಲೋಮೀಟರು ಓಡುತ್ತದೆಂಬ ಅದರ ಜಾಹೀರಾತು ದೇಶದ ಗುಮಾಸ್ತನ ಕಿವಿಗೆ ಬಿದ್ದಿತು. ಇದಕ್ಕೆ ಎರಡು ವರ್ಷ ಮೊದಲು ಎಸ್ಕಾರ್ಟ್ಸ್ ಸಂಸ್ಥೆಯು ಹೊರತಂದ ರಾಜದೂತ್ 350 ಎಂಬ ಯಮಹಾ ಬೈಕಿನ ವೇಗವನ್ನು ಇಂದಿಗೂ ಕೊಂಡಾಡುವವರಿದ್ದಾರೆ. ಅಂದು ಅದನ್ನು ಕೊಂಡವರು ಮಾತ್ರ ವಿರಳ. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು.

ಈ ಕಥೆಗೆ ಒಂದು ಉತ್ತರಾರ್ಧವಿದೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಮತ್ತೆ ಪೇಟೆಗೆ ಬಂದವು. ಹಳೆಯ ಕೀರ್ತಿಯೇ ಅವುಗಳ ಬಂಡವಾಳವಾಯಿತು. ಕೀರ್ತಿಗೆ ಬೆಲೆಯಿಲ್ಲವೆಂದು ಹೇಳಲು ನಾವು ಹೊರಟಿಲ್ಲವೆಂಬುದಕ್ಕೆ ಇದೇ ಸಾಕ್ಷಿ. ಆದರೆ ಈ ಹೊಸ ಬೈಕುಗಳು ತಯಾರಾದುದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ. ಮೈಸೂರಿನ ಕಾರ್ಮಿಕರು ಮೂವತ್ತೈದು ವರ್ಷ ದುಡಿದು ಕಟ್ಟಿದ ಹೆಸರು ಪೀಥಂಪುರದವರಿಗೆ ಅನ್ನವಾಯಿತು. ನಮ್ಮ ವಿದ್ಯಾರ್ಥಿಯ ಪ್ರಶ್ನೆಯ ಉತ್ತರಾರ್ಧಕ್ಕೆ, ಎಂದರೆ ಕೆಲಸ ನಿಲ್ಲುತ್ತದೆಯೆ ಎಂಬುದಕ್ಕೆ, ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನಮಗೆ ತೋರಲಿಲ್ಲ.

ಸೆಡಾನುಗಳ ನಿಜವಾದ ಮೇಲಾಟವು ನಮ್ಮಲ್ಲಿ ಆರಂಭವಾದುದು 1990ರ ದಶಕದ ಕೊನೆಯಲ್ಲಿ. 1998ರಲ್ಲಿ ಹೋಂಡಾ ಸಿಟಿಯೂ ಮಿತ್ಸುಬಿಷಿ ಲಾನ್ಸರೂ ಬಂದವು. ಲಾನ್ಸರ್ ಎಂಬ ಹೆಸರಿನ ಹಿಂದೆ ಆಗ ಲೋಕಪ್ರಸಿದ್ಧವಾದ ಕೀರ್ತಿಯಿತ್ತು: ಫಿನ್ಲೆಂಡಿನ ಟಾಮಿ ಮಾಕಿನೆನ್ ಎಂಬ ಸವಾರನು ಅದೇ ಹೆಸರಿನ ಗಾಡಿಯಲ್ಲಿ 1996ರಿಂದ 1999ರವರೆಗೆ ಸತತವಾಗಿ ನಾಲ್ಕು ವರ್ಷ ವಿಶ್ವ ರ‍್ಯಾಲಿಯ ಪಟ್ಟವನ್ನು ಗೆದ್ದಿದ್ದನು. ಮದರಾಸಿನ ಸಮೀಪದ ತಿರುವಳ್ಳೂರಿನಲ್ಲಿ ತಯಾರಾಗುತ್ತಿದ್ದ ನಮ್ಮ ಲಾನ್ಸರಿಗೂ, 2006ರಲ್ಲಿ ಬಂದ ಅದರ ತಮ್ಮನಾದ ಸೀಡಿಯಾಕ್ಕೂ ರ‍್ಯಾಲಿಯ ಸವಾರರು ಮನಸೋತರು. ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಸೀಡಿಯಾ ಅನೇಕ ವರ್ಷ ಮುಂಚೂಣಿಯಲ್ಲಿತ್ತು. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಗಳು ಅದರ ಸದ್ದಿಗೆ ಪರಿಚಿತವಾಗಿದ್ದವು. ಆದರೂ ಪೇಟೆಯಲ್ಲಿ ಅದು ಸಿಟಿಯ ಹತ್ತಿರಕ್ಕೂ ಬರಲಿಲ್ಲ. ಮಾರುವ ಅಂಗಡಿಗಳು ಕಡಿಮೆ, ಬಿಡಿಭಾಗದ ಬೆಲೆ ಹೆಚ್ಚು, ಹೊಸ ಮಾದರಿ ಬರುವುದು ತಡ. ಮೂಲ ಸಂಸ್ಥೆಯೂ 2000ದಲ್ಲಿ ಗಿರಾಕಿಗಳ ದೂರುಗಳನ್ನು ಬಚ್ಚಿಟ್ಟಿದ್ದ ಸಂಗತಿ ಬಯಲಾಗಿ ತತ್ತರಿಸಿತ್ತು. ನಾಲ್ಕು ವಿಶ್ವಪಟ್ಟಗಳ ಕೀರ್ತಿ ಅದನ್ನು ಕಾಯಲಿಲ್ಲ.

ಹೋಂಡಾ ಸಿಟಿಯ ದೃಷ್ಟಾಂತ ಇನ್ನೂ ಕುತೂಹಲಕರವಾದುದು. ಇಲ್ಲಿ ಮೇಲಾಟವು ಎರಡು ಸಂಸ್ಥೆಗಳ ನಡುವೆ ಅಲ್ಲ, ಒಂದೇ ಹೆಸರಿನ ಎರಡು ತಲೆಮಾರುಗಳ ನಡುವೆ. ಮೊದಲ ತಲೆಮಾರಿನ ಸಿಟಿಗೆ ವಿ-ಟೆಕ್ ಎಂಬ 1.5 ಲೀಟರಿನ ಯಂತ್ರವನ್ನು ಹೂಡಿದಾಗ ಅದರ ಬಲ 106 ಅಶ್ವಶಕ್ತಿಯಷ್ಟಾಯಿತು. ಆ ಬೆಲೆಗೆ ಅಂಥ ಓಟ ದೇಶದಲ್ಲಿ ಬೇರೆಲ್ಲಿಯೂ ದೊರೆಯುತ್ತಿರಲಿಲ್ಲ. ಇಂದಿಗೂ ಅಂಥದೊಂದನ್ನು ಜೋಪಾನವಾಗಿ ಇಟ್ಟುಕೊಂಡವರುಂಟು. 2003ರಲ್ಲಿ ಬಂದ ಎರಡನೆಯ ತಲೆಮಾರಿನಲ್ಲಿ ಸಂಸ್ಥೆಯು ಬೇಕೆಂದೇ ಬಲವನ್ನು ಇಳಿಸಿತು: ಅದೇ ಗಾತ್ರದ ಯಂತ್ರ, ಆದರೆ ಸುಮಾರು 77 ಅಶ್ವಶಕ್ತಿ ಮಾತ್ರ. ಬದಲಿಗೆ ಕಾಲು ಚಾಚಲು ಸ್ಥಳ ಹೆಚ್ಚಾಯಿತು, ಪೆಟ್ರೋಲಿನ ಖರ್ಚು ತಗ್ಗಿತು. ಓಟದ ಪ್ರಿಯರು ಅದರ ಎತ್ತರದ ಮೈಯನ್ನು ನೋಡಿ ನಕ್ಕರು. ಜನ ಅದಕ್ಕಿಟ್ಟ ಅಡ್ಡಹೆಸರೂ ‘ಡಾಲ್ಫಿನ್’ ಎಂಬುದು ಕಾಕತಾಳೀಯ. ಆದರೆ ವಿಕ್ರಯ ಕುಗ್ಗಲಿಲ್ಲ, ಬೆಳೆಯಿತು. ಬೆಂಗಳೂರಿನ ಡಾಲ್ಫಿನ್ ಓಡಿ ಸೋತಿತು. ಈ ಡಾಲ್ಫಿನ್ ಓಡದೆ ಗೆದ್ದಿತು. ಕೆಲವು ವರ್ಷಗಳ ಮೇಲೆ ಬಲದ ಯಂತ್ರವನ್ನು ಮತ್ತೆ ಹೂಡಿದರೆಂಬುದನ್ನೂ ಇಲ್ಲಿ ಹೇಳಬೇಕು; ಕೀರ್ತಿಯನ್ನು ಸಂಪೂರ್ಣವಾಗಿ ಕಳೆದುಕೊಳ್ಳುವ ಧೈರ್ಯ ಅವರಿಗೂ ಇರಲಿಲ್ಲ.

ಹಾರೋಹಳ್ಳಿಗೆ ಅನತಿದೂರದಲ್ಲಿರುವ ಬಿಡದಿಗೆ ಈಗ ಬರೋಣ. 1997ರಲ್ಲಿ ಸ್ಥಾಪಿತವಾದ ಟೊಯೋಟ ಕಿರ್ಲೋಸ್ಕರ್ ಸಂಸ್ಥೆಯ ಮೊದಲ ಗಾಡಿ ಕ್ವಾಲಿಸ್, 2000ದಲ್ಲಿ ಪೇಟೆಗೆ ಬಂದಿತು. ಇಂಡೋನೇಷ್ಯಾದಲ್ಲಿ ಹಳತಾಗಿದ್ದ ಮಾದರಿಯನ್ನು ಇಲ್ಲಿ ತಂದಿದ್ದಾರೆಂದು ಬಲ್ಲವರು ಮೂಗು ಮುರಿದರು. ಅದರ 2.4 ಲೀಟರಿನ ಡೀಸೆಲ್ ಯಂತ್ರಕ್ಕೆ ಸುಮಾರು 75 ಅಶ್ವಶಕ್ತಿ. ವೇಗದ ಕೀರ್ತಿಯ ಸೋಂಕೂ ಅದಕ್ಕಿರಲಿಲ್ಲ. ಆದರೆ ರಾತ್ರಿ ಪಾಳಿಯವರನ್ನು ಸಾಗಿಸುವ ಬೆಂಗಳೂರಿನ ಬಾಡಿಗೆ ಗಾಡಿಯವರು ಅದನ್ನು ಬಿಡಲಿಲ್ಲ. ಮದುವೆಯ ದಿಬ್ಬಣಕ್ಕೂ ತಿರುಪತಿಯ ಯಾತ್ರೆಗೂ ಅದೇ ಆಯಿತು. ಇನ್ನೂ ಬೇಡಿಕೆಯಿದ್ದಾಗಲೇ 2005ರಲ್ಲಿ ಅದನ್ನು ನಿಲ್ಲಿಸಿ ಇನ್ನೋವಾವನ್ನು ತಂದರು.

ಇದೇ ಕಾಲದಲ್ಲಿ ಜಪಾನಿನ ಮೂಲ ಸಂಸ್ಥೆಯು ಫಾರ್ಮುಲಾ ಒಂದರ ಪಂದ್ಯಗಳಲ್ಲಿ ಅಪಾರ ಧನವನ್ನು ಸುರಿಯುತ್ತಿತ್ತು. 2002ರಿಂದ 2009ರವರೆಗೆ ಎಂಟು ವರ್ಷ ಓಡಿ ಅದು 13 ಸಲ ಮೊದಲ ಮೂವರಲ್ಲಿ ನಿಂತಿತೇ ವಿನಾ ಒಮ್ಮೆಯೂ ಗೆಲ್ಲಲಿಲ್ಲ. ಆ ಸೋಲುಗಳ ನಡುವೆಯೇ, 2008ರಲ್ಲಿ, ಅದು ಅಮೆರಿಕದ ಜನರಲ್ ಮೋಟಾರ್ಸನ್ನು ಹಿಂದಿಕ್ಕಿ ವಿಕ್ರಯದಲ್ಲಿ ಲೋಕದ ಮೊದಲ ಸಂಸ್ಥೆಯಾಯಿತು. ಗೆಲುವು ವಿಕ್ರಯವನ್ನು ತರುವುದಾದರೆ ಸೋಲು ಅದನ್ನು ಕಳೆಯಬೇಕಲ್ಲವೆ?

ಬಿಡದಿಯಲ್ಲಿಯೂ ಒಮ್ಮೆ ಪಂದ್ಯದ ದಾರಿಯನ್ನು ಹಿಡಿದುದುಂಟು. 2010ರ ಕೊನೆಯಲ್ಲಿ ಎಟಿಯೋಸ್ ಎಂಬ ಸೆಡಾನ್ ಬಂದಿತು. ಇದಕ್ಕಾಗಿಯೇ ಎರಡನೆಯ ಕಾರ್ಖಾನೆಯನ್ನು ಕಟ್ಟಿದ್ದರು. ಗೃಹಸ್ಥರ ಮನಸ್ಸನ್ನು ಸೆಳೆಯಲು 2012–13ರಲ್ಲಿ ಎಟಿಯೋಸ್ ಗಾಡಿಗಳದೇ ಒಂದು ಪಂದ್ಯಮಾಲೆಯನ್ನು ಏರ್ಪಡಿಸಿ ತರುಣ ಸವಾರರಿಗೆ ತರಬೇತು ಕೊಟ್ಟರು. ಏರ್ಪಾಡು ಒಳ್ಳೆಯದೇ; ಅದರಿಂದ ಕೆಲವು ತರುಣರಿಗೆ ಉಪಕಾರವೂ ಆಗಿರಬೇಕು. ಆದರೆ ಎಟಿಯೋಸ್ ಯಾರ ಗಾಡಿಯಾಯಿತೆಂಬುದನ್ನು ಕೆಂಪೇಗೌಡ ವಿಮಾನ ನಿಲ್ದಾಣದ ಹೊರಗೆ ನಿಂತು ನೋಡಿದವರೆಲ್ಲ ಬಲ್ಲರು: ಅದು ಟ್ಯಾಕ್ಸಿಯಾಯಿತು. ಕೆಡದೆ ಲಕ್ಷಗಟ್ಟಲೆ ಕಿಲೋಮೀಟರು ಓಡುತ್ತದೆಂಬ ಕೀರ್ತಿಯೇ ಅದನ್ನು ಮಾರಿತು, ಪಂದ್ಯದ ಕೀರ್ತಿಯಲ್ಲ. 2020ರಲ್ಲಿ ಅದು ನಿಂತಿತು. ವರ್ಷಕ್ಕೆ 2,10,000 ಗಾಡಿಗಳ ಸಾಮರ್ಥ್ಯದ ಎರಡನೆಯ ಕಾರ್ಖಾನೆಗೆ ಸಾಕಷ್ಟು ಕೆಲಸ ಬಂದುದು 2022ರಲ್ಲಿ, ಹೈರೈಡರ್ ಎಂಬ ಗಾಡಿಯೊಡನೆ. ಮತ್ತು ಅದರ ಜೊತೆಯಲ್ಲಿಯೇ ತಯಾರಾಗತೊಡಗಿದ ಗ್ರಾಂಡ್ ವಿಟಾರಾ ಎಂಬ ಮಾರುತಿ ಗಾಡಿಯೊಡನೆ. ಬಿಡದಿಯ ಕಾರ್ಮಿಕನು ಪ್ರತಿಸ್ಪರ್ಧಿಯ ಹೆಸರು ಹೊತ್ತ ಗಾಡಿಯನ್ನು ಜೋಡಿಸಿ ತನ್ನ ಪಾಳಿಯನ್ನು ಉಳಿಸಿಕೊಂಡನು.

ನಮ್ಮ ಮಾತಿಗೆ ಪ್ರತಿಕೂಲವಾದ ನಿದರ್ಶನವನ್ನೂ ಮರೆಮಾಚಬಾರದು. ಗಡಿಯಾಚೆಯ ಹೊಸೂರು ಕನ್ನಡಿಗರು ಬಾಳಿ ಬಂದಿರುವ ಊರು, ಅಲ್ಲಿಯ ಟಿ.ವಿ.ಎಸ್. ಸಂಸ್ಥೆಯು 1982ರಿಂದ ಪಂದ್ಯದ ವಿಭಾಗವೊಂದನ್ನು ನಡೆಸಿಕೊಂಡು ಬಂದಿದೆ. ಅದರ ಅಪಾಚೆ ಎಂಬ ಬೈಕು ಪಂದ್ಯದ ಹೆಸರನ್ನೇ ಹೇಳಿಕೊಂಡು 2023ರ ಹೊತ್ತಿಗೆ 50 ಲಕ್ಷವನ್ನು ಮುಟ್ಟಿತು. ಇಲ್ಲಿ ಕೀರ್ತಿಯು ವಿಕ್ರಯಕ್ಕೆ ನೆರವಾಗಲಿಲ್ಲವೆಂದು ಹೇಳುವುದು ಹಟವಾದೀತು. ಆದರೆ ಇಲ್ಲಿ ಪಂದ್ಯಕ್ಕೆ ಇಳಿಯುವ ವಸ್ತುವೂ ಅಂಗಡಿಯ ವಸ್ತುವೂ ಬಹುಮಟ್ಟಿಗೆ ಒಂದೇ. ಬೆಲೆ ಮಧ್ಯಮ ವರ್ಗದ ಹುಡುಗನ ಕೈಗೆಟುಕುವಷ್ಟು. ರಿಪೇರಿಯ ಮನೆ ಕನಕಪುರದಲ್ಲಿಯೂ ಉಂಟು, ಮಾಗಡಿಯಲ್ಲಿಯೂ ಉಂಟು. ಇದಕ್ಕೆ ವಿರುದ್ಧವಾಗಿ, ಸ್ಕೋಡಾ ಸಂಸ್ಥೆಯು 2020ರಲ್ಲಿ ತಂದ ಆಕ್ಟೇವಿಯಾ ಆರ್.ಎಸ್. 245 ಎಂಬ ಅಪ್ಪಟ ಕ್ರೀಡಾ ಸೆಡಾನಿನ ಬೆಲೆ ಸುಮಾರು 36 ಲಕ್ಷ ರೂಪಾಯಿ. ಇಡೀ ಭಾರತಕ್ಕೆ ತಂದುದು 200 ಗಾಡಿ. ಅವು ಮಾರಾಟವಾದುವು ನಿಜ. ಇನ್ನೂರು ಗಾಡಿಗಳಿಂದ ಎಷ್ಟು ಮನೆಗಳ ಒಲೆ ಉರಿಯುತ್ತದೆ?

ಬಿಡಿಭಾಗದ ಕಾರ್ಖಾನೆಗಳ ವಿಚಾರದಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಬಿಡದಿಯಲ್ಲಿ 2002ರಲ್ಲಿ ಸ್ಥಾಪಿತವಾದ ಟೊಯೋಟ ಕಿರ್ಲೋಸ್ಕರ್ ಆಟೋ ಪಾರ್ಟ್ಸ್ ಸಂಸ್ಥೆಯಿಂದ ಗೇರ್‌ಬಾಕ್ಸುಗಳು ಹೊರದೇಶಗಳಿಗೆ ಹೋಗುತ್ತವೆ. ಅಲ್ಲಿ ಅವು ಇನ್ನೋವಾದಂತಹ, ಹೊರೆಗಾಡಿಯಂತಹ, ಯಾವ ಪಂದ್ಯಕ್ಕೂ ಹೋಗದ ವಾಹನಗಳ ಒಡಲನ್ನು ಸೇರುತ್ತವೆ. ಗೇರ್‌ಬಾಕ್ಸಿನ ಮೇಲೆ ಬಿಡದಿಯ ಹೆಸರನ್ನು ಓದುವ ಗಿರಾಕಿ ಯಾರೂ ಇಲ್ಲ.

ಈ ಲೇಖನಕ್ಕೆ ಸಾಮಗ್ರಿಯನ್ನು ಕೂಡಿಸುವಾಗ ನಾವು ಆ ವಿದ್ಯಾರ್ಥಿಗೂ ಅವನ ಜೊತೆಯವರಿಗೂ, ಕನಕಪುರ ರಸ್ತೆಯ ಹಳೆಯ ಬಾಡಿಗೆ ಗಾಡಿಯವರ ಲೆಕ್ಕದ ಪುಸ್ತಕಗಳು ದೊರೆತರೆ ನೋಡಿಕೊಂಡು ಬರುವಂತೆ ಹೇಳಿದ್ದೆವು. ಮೊದಲು ದೊರೆತುದು ಒಬ್ಬ ಕ್ವಾಲಿಸ್ ಯಜಮಾನರದು. ಎಣ್ಣೆಯ ಕಲೆಗಳಾದ, ಹೊಲಿಗೆ ಬಿಚ್ಚಿದ ಉದ್ದನೆಯ ಪುಸ್ತಕ. ಡೀಸೆಲ್ಲಿಗೆ ಎಷ್ಟು, ಪಟ್ಟೆಗೆ ಎಷ್ಟು, ಟೈರಿಗೆ ಎಷ್ಟು, ಡ್ರೈವರಿಗೆ ಬತ್ತೆ ಎಷ್ಟು, ಯಾವ ದಿನ ಗಾಡಿ ನಿಂತಿತ್ತು ಎಂಬುದೆಲ್ಲ ಅದರಲ್ಲಿ ಬರೆದಿತ್ತು. ನಿಂತಿದ್ದ ದಿನಗಳಿಗೆ ಕೆಂಪು ಶಾಯಿ. ನಾವು ಎಣಿಸಿದ ಒಂದು ವರ್ಷದಲ್ಲಿ ಕೆಂಪು ಗುರುತುಗಳು ಒಂಬತ್ತು. ಅವುಗಳಲ್ಲಿ ಎರಡು ಯುಗಾದಿ ಮತ್ತು ಗೌರಿ ಹಬ್ಬದ ರಜೆ. ವಿದ್ಯಾರ್ಥಿಯು ಪುಸ್ತಕವನ್ನು ಹಿಂತಿರುಗಿಸುವ ಮೊದಲು ಆ ಪುಟಗಳನ್ನು ತನ್ನ ಟಿಪ್ಪಣಿಯಲ್ಲಿ ನಕಲು ಮಾಡಿಕೊಂಡನು. ಅಣ್ಣನಿಗೆ ತೋರಿಸಬೇಕೆಂದು ಹೇಳಿದನು.